ಪಾಲಿಶಕ್ಕ ಓದಿದ ನೆಲ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಪಾಲಿಶಕ್ಕ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಅವಳೇ ಒಂದು ಗಳಿಗೆ ತಡವಾಗಿ ತಿರುಗುತ್ತಿದ್ದಳು. ನೆಲ ಉಜ್ಜುವ ಮಿಷನ್ನು ಹತ್ತೊಂಬತ್ತು ವರ್ಷಗಳಿಂದ ಅವಳ ಕೈಯಲ್ಲಿತ್ತು. ದುಂಡು ಬ್ರಷ್ಷಿನ ಆ ಭಾರದ ಮಿಷನ್ನನ್ನು ತೋಳಿನ ಬಲದಿಂದ ತಿರುಗಿಸಲು ಹೋದರೆ ಅದು ಹಗ್ಗ ಕಿತ್ತ ಕರುವಿನ ಹಾಗೆ ಗೋಡೆಗೆ ನುಗ್ಗುತ್ತಿತ್ತು. ಸೊಂಟದಿಂದ ಒತ್ತಬೇಕು, ಹಿಡಿಯನ್ನು ಒಂದು ಬೆರಳಷ್ಟು ಮಾತ್ರ ಎತ್ತಿ ಇಳಿಸಬೇಕು. ಈ ಗುಟ್ಟು ಗೊತ್ತಿದ್ದವಳು ಅವಳೊಬ್ಬಳೇ ಆದ್ದರಿಂದ ಬೇರೆ ಕೆಲಸಕ್ಕೆ ಯಾರೂ ಅವಳನ್ನು ಹಾಕುತ್ತಿರಲಿಲ್ಲ. ಬೆಳಗ್ಗೆ ಐದೂವರೆಗೆ ಬಂದರೆ ಮಧ್ಯಾಹ್ನ ಎರಡಕ್ಕೆ ಬಿಡುಗಡೆ. ಹೊರರೋಗಿಗಳ ಬಾಗಿಲಿನಿಂದ ಆಪರೇಷನ್ ಕೋಣೆಯವರೆಗಿನ ಓಣಿಯಂಥ ಉದ್ದನೆಯ ಕಾರಿಡಾರು ಅವಳದು. ನೆಲಕ್ಕೆ ತಿಳಿಹಳದಿ ಬಣ್ಣದ ಹಾಸುಗಲ್ಲು. ಕಟ್ಟಡ ಕಟ್ಟಿದಾಗ ಹಾಕಿದ್ದು, ಅರವತ್ತು ವರ್ಷ ಹಳೆಯದು.

ಅವಳ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ. ಒಂದು ದಿನ ಬಸ್ಸಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದವನು ಹೊರಗೆ ಬರಲೇ ಇಲ್ಲ. ಎಳೆದು ನೋಡಿದರೆ ಬಲಗಡೆ ಪೂರ್ತಿ ಸ್ವಾಧೀನ ತಪ್ಪಿತ್ತು. ಅದೇ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಹನ್ನೊಂದು ದಿನ ಇದ್ದ. ಅವಳು ಬೆಳಗ್ಗೆ ಕೆಳಗೆ ನೆಲ ಉಜ್ಜುತ್ತಿದ್ದಳು, ಮಧ್ಯಾಹ್ನ ಮೇಲೆ ಹೋಗಿ ಕೂರುತ್ತಿದ್ದಳು. ರಜೆ ತಗೊಳ್ಳಿ ಎಂದು ಮೇಲ್ವಿಚಾರಕ ಹೇಳಿದಾಗ, "ಮನೇಲಿದ್ದು ಏನ್ ಮಾಡ್ಲಿ ಸರ್, ಇಲ್ಲೇ ಇದ್ರೆ ಹತ್ರ" ಎಂದಳು. ಹನ್ನೆರಡನೇ ದಿನ ಬೆಳಗ್ಗೆ ಹತ್ತು ಗಂಟೆಗೆ ನರ್ಸ್ ಮೆಟ್ಟಿಲಿಳಿದು ಬಂದು ವಿಷಯ ಹೇಳಿದಳು. ಪಾಲಿಶಕ್ಕ ಮಿಷನ್ ನಿಲ್ಲಿಸಿದಳು, ಪ್ಲಗ್ ಕಿತ್ತಳು, ಉದ್ದನೆಯ ವೈರನ್ನು ಎಂದಿನ ಹಾಗೆ ಮೊಣಕೈಗೆ ಸುತ್ತಿ ಮೊಳೆಗೆ ನೇತುಹಾಕಿ, ಕೈ ತೊಳೆದುಕೊಂಡು ಮೇಲೆ ಹೋದಳು.

ಈ ವೈರು ಸುತ್ತಿಟ್ಟ ಸಂಗತಿ ಆಸ್ಪತ್ರೆಯೆಲ್ಲ ಹರಡಿ ಮನೆಯವರ ಕಿವಿಗೂ ಬಿತ್ತು. ಗಂಡನ ತಂಗಿ ಬಂದವರ ಮುಂದೆ, "ನಮ್ಮ ಅತ್ತಿಗೆ ಗಟ್ಟಿಗಿತ್ತಿ ಬಿಡಿ" ಅಂದಳು. ಅದು ಹೊಗಳಿಕೆಯಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು, ಪಾಲಿಶಕ್ಕನಿಗೂ ತಿಳಿಯಿತು. ತಿಳಿದರೂ ಏನೂ ಅನ್ನಿಸಲಿಲ್ಲ. ಆಗಿನ ಅವಳ ಸ್ಥಿತಿಯೇ ಅದು. ಅನ್ನ ಅನ್ನದ ಹಾಗಿರಲಿಲ್ಲ, ಹಸಿವು ಹಸಿವಿನ ಹಾಗಿರಲಿಲ್ಲ. ಪಕ್ಕದ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಮಗಳು ದಿನಾ ಸಂಜೆ ಬಂದು, ಅಪ್ಪನ ಅಂಗಿ ಹಿಡಿದುಕೊಂಡು ಅಳುತ್ತಿದ್ದಳು.

"ಒಂದ್ಸಲ ಅತ್ತುಬಿಡಮ್ಮ. ಒಳಗಿಟ್ಕೊಂಡ್ರೆ ಖಾಯಿಲೆ ಆಗುತ್ತಂತೆ."

"ಬಂದ್ರೆ ಅಳ್ತೀನಿ ಕಣೇ. ಬರ್ತಿಲ್ಲ."

ಸುಳ್ಳು ಹೇಳಿದ್ದಲ್ಲ. ಬಾಯಿ ಒಣಗಿದವನು ಉಗುಳು ಹುಡುಕುವ ಹಾಗೆ ಅವಳೂ ಕಣ್ಣೀರನ್ನು ಹುಡುಕಿದ್ದಳು. ಇರಲಿಲ್ಲ.

ನಾಲ್ಕು ತಿಂಗಳು ಹೀಗೇ ಕಳೆಯಿತು. ಒಂದು ಬೆಳಗ್ಗೆ ಓಣಿಯ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಜನರೇಟರ್ ವಾರ್ಡುಗಳಿಗೆ ಮಾತ್ರ, ಮಿಷನ್ನಿಗಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಎಂದೂ ಮಾಡದ ಕೆಲಸವನ್ನು ಅವಳು ಅಂದು ಮಾಡಿದಳು: ತಾನು ಉಜ್ಜಿದ ನೆಲದ ಮೇಲೆ ತಾನೇ ಗೋಡೆಗೊರಗಿ ಕೂತಳು. ಕಿಟಕಿಯಿಂದ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಅವಳ ಹಿಮ್ಮಡಿಯ ಪಕ್ಕ, ಕಲ್ಲಿನೊಳಗೆ, ಬಳೆಯಷ್ಟು ಅಗಲದ ಒಂದು ಸುರುಳಿ ಕಂಡಿತು. ಯಾರೋ ಏನೋ ಚೆಲ್ಲಿದ ಕಲೆ ಎಂದು ಉಗುರಿನಿಂದ ಕೆರೆದಳು. ಹೋಗಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಇನ್ನೂ ಸ್ಪಷ್ಟವಾಯಿತು. ಸುರುಳಿಯೊಳಗೆ ಸಣ್ಣ ಸಣ್ಣ ಅಡ್ಡಗೆರೆಗಳು, ಒಂದೊಂದು ಕೋಣೆಯ ಹಾಗೆ.

ಎಕ್ಸ್‌ರೇ ತೆಗೆಯುವವನು ಆ ಕಡೆಯಿಂದ ಬರುತ್ತಿದ್ದ. ಅವಳು ಅವನನ್ನು ಕರೆದು ತೋರಿಸಿದಳು.

"ಇದೇನಪ್ಪ ಇದು? ನೀನು ಒಳಗಿರೋದೆಲ್ಲ ನೋಡೋನಲ್ವಾ."

ಅವನು ಬಗ್ಗಿ ನೋಡಿದ. "ಶಂಖದ ಥರ ಇದೆ ಅಕ್ಕ. ಕಲ್ಲೊಳಗೆ ಶಂಖ ಯಾರು ತಂದಿಟ್ರು? ಹಿಂದ್ಗಡೆ ಲೈಬ್ರರಿ ಇದೆಯಲ್ಲ, ಅಲ್ಲಿ ಕೇಳಿ ನೋಡಿ."

ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ಲೈಬ್ರರಿ ಇದೆ ಎಂಬುದು ಅವಳಿಗೆ ಗೊತ್ತಿತ್ತು. ಮಳೆ ಬಂದಾಗ ಅದರ ಸಜ್ಜೆಯ ಕೆಳಗೆ ನಿಂತಿದ್ದಳು. ಒಳಗೆ ಕಾಲಿಟ್ಟಿರಲಿಲ್ಲ. ಓದಿದ್ದು ಏಳನೇ ಕ್ಲಾಸು. ಅಂದು ಎರಡು ಗಂಟೆಗೆ ಹೊರಬಿದ್ದವಳು ಮನೆಗೆ ಹೋಗಬೇಕು ಎಂದು ಅನ್ನಿಸದ ಕಾರಣಕ್ಕೇ ಆ ಕಡೆ ತಿರುಗಿದಳು. ಆಸೆಯಿಂದ ಹೋದಳು ಎಂದು ಹೇಳುವ ಹಾಗಿಲ್ಲ.

ಮೇಜಿನ ಹಿಂದೆ ಕನ್ನಡಕಕ್ಕೆ ದಾರ ಕಟ್ಟಿಕೊಂಡ ಹೆಂಗಸೊಬ್ಬಳಿದ್ದಳು. "ಏನ್ ಬೇಕಿತ್ತಮ್ಮ?"

"ಕಲ್ಲೊಳಗಿರೋ ಶಂಖದ ಪುಸ್ತಕ."

ಲೈಬ್ರರಿಯವಳು ನಗಲಿಲ್ಲ. ಎಷ್ಟು ದೊಡ್ಡದು, ಯಾವ ಬಣ್ಣದ ಕಲ್ಲು ಎಂದು ಕೇಳಿ, ಕಪಾಟುಗಳ ನಡುವೆ ಕಾಲು ಗಂಟೆ ಮರೆಯಾಗಿ, ಎರಡು ಪುಸ್ತಕ ಹಿಡಿದು ಬಂದಳು. ಒಂದು ತೆಳ್ಳಗೆ, ತುಂಬ ಚಿತ್ರ. ಇನ್ನೊಂದು ಇಟ್ಟಿಗೆಯಷ್ಟು ದಪ್ಪ. "ಮೊದಲು ಚಿಕ್ಕದು ಓದಿ. ಮಕ್ಕಳ ಪುಸ್ತಕ ಅಂತ ಬೇಜಾರು ಮಾಡ್ಕೋಬೇಡಿ. ನನಗೆ ಗೊತ್ತಿಲ್ದೇ ಇರೋ ವಿಷಯಕ್ಕೆ ನಾನೂ ಇಂಥದ್ರಿಂದಲೇ ಶುರು ಮಾಡೋದು."

ಪಾಲಿಶಕ್ಕ ಬೆರಳಿಟ್ಟುಕೊಂಡು ಓದಿದಳು. ಪಳೆಯುಳಿಕೆ ಎಂಬ ಪದವನ್ನು ಮೂರು ಸಲ ತುಟಿಯಲ್ಲೇ ಹೇಳಿಕೊಂಡಳು. ಅವಳು ಉಜ್ಜುವ ಕಲ್ಲು ಒಂದು ಕಾಲಕ್ಕೆ ಕಡಲತಳದ ಕೆಸರಾಗಿತ್ತಂತೆ. ಅದರಲ್ಲಿ ಸತ್ತು ಬಿದ್ದ ಪ್ರಾಣಿಗಳ ಚಿಪ್ಪು ಕೆಸರಿನ ಜೊತೆಗೇ ಕಲ್ಲಾಯಿತಂತೆ. ಹದಿನೈದು ಕೋಟಿ ವರ್ಷದ ಹಿಂದೆ. ಕೋಟಿಯನ್ನು ಮನಸ್ಸಿನಲ್ಲಿ ಹಿಡಿಯಲು ನೋಡಿದಳು, ಕೈಗೆ ಸಿಗಲಿಲ್ಲ, ಬಿಟ್ಟಳು. ಆಶ್ಚರ್ಯವಾಗಬೇಕಿತ್ತು. ಆಗಲಿಲ್ಲ. ಆದರೂ ಪುಟ ತಿರುಗಿಸಿದಳು. ಮರುದಿನ ಮತ್ತೆ ಹೋದಳು.

ದಿನಾ ಎರಡರಿಂದ ನಾಲ್ಕರವರೆಗೆ ಲೈಬ್ರರಿ ಎಂದಾಯಿತು. ದಪ್ಪ ಪುಸ್ತಕ ಕಬ್ಬಿಣದ ಕಡಲೆಯೇ. ಒಂದು ಪುಟಕ್ಕೆ ಎರಡು ದಿನ ಹಿಡಿಯುತ್ತಿತ್ತು. ಅರ್ಥವಾಗದ ಪದಕ್ಕೆ ಲೈಬ್ರರಿಯವಳನ್ನು ಕೇಳುತ್ತಿದ್ದಳು. ಅವಳಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ನಿಘಂಟು ತೆಗೆಯುತ್ತಿದ್ದರು. ಮಗಳ ಅಂಗಡಿಯಿಂದ ಅಳತೆ ಬರೆಯುವ ಹಳೆಯ ನೋಟ್ ಪುಸ್ತಕವೊಂದನ್ನು ತಂದು, ಓಣಿಯ ಹಾಸುಗಲ್ಲುಗಳನ್ನು ಬಾಗಿಲಿನಿಂದ ಲೆಕ್ಕ ಹಾಕಿ ಒಂದೊಂದಕ್ಕೂ ನಂಬರ್ ಕೊಟ್ಟಳು. ಒಟ್ಟು ನಾನೂರ ಹನ್ನೆರಡು ಕಲ್ಲು. ಯಾವ ಕಲ್ಲಿನಲ್ಲಿ ಏನಿದೆ, ಎಷ್ಟು ಬೆರಳು ಅಗಲ, ಯಾವ ಕಡೆಗೆ ಮುಖ, ಎಲ್ಲ ಬರೆದಳು. ಹತ್ತೊಂಬತ್ತು ವರ್ಷ ಇದರ ಮೇಲೇ ನಿಂತಿದ್ದಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ.

ಸುರುಳಿಗಳು ಎಷ್ಟೋ ಸಿಕ್ಕವು. ಎಸಳು ಬಿಚ್ಚಿದಂಥ ಗುರುತುಗಳೂ ಸಿಕ್ಕವು, ಅವನ್ನು ಹೂವು ಎಂದು ಬರೆದಳು. ಅವುಗಳಲ್ಲದೆ ಇನ್ನೂ ಮೂರು ಬಗೆ ಕಂಡಳು: ಬಂದೂಕಿನ ಗುಂಡಿನಂತೆ ಉದ್ದನೆಯ ಚೂಪು ಕಡ್ಡಿ, ಮೊಟ್ಟೆಯಾಕಾರದ ಕಂದು ಗುರುತು, ಗುಂಡನೆಯ ಸಣ್ಣ ಬೊಟ್ಟು. ಮೂರು ಪ್ರಾಣಿ ಎಂದು ಮೂರು ಕಡೆ ಬರೆದಿಟ್ಟಳು. ಉದ್ದನೆಯದರ ಚಿತ್ರ ಪುಸ್ತಕದಲ್ಲಿತ್ತು. ಮೊಟ್ಟೆ, ಬೊಟ್ಟುಗಳ ಚಿತ್ರ ಎಲ್ಲೂ ಇರಲಿಲ್ಲ. ಎರಡು ತಿಂಗಳು ಹುಡುಕಿದಳು.

ಒಮ್ಮೆ ತನ್ನ ವಾರದ ರಜೆಯ ದಿನ ಮನೆಯಲ್ಲಿ ಕ್ಯಾರೆಟ್ ಹೆಚ್ಚುತ್ತಿದ್ದಳು. ಅಡ್ಡ ಕೊಯ್ದಾಗ ಗುಂಡಗೆ ಬಿತ್ತು. ಚಾಕು ಓರೆಯಾದಾಗ ಮೊಟ್ಟೆಯಾಕಾರ ಬಿತ್ತು. ಅವಳ ಕೈ ನಿಂತಿತು. ಇನ್ನೊಂದು ಕ್ಯಾರೆಟ್ ತೆಗೆದುಕೊಂಡು ತಲೆಯಿಂದ ತುದಿಯವರೆಗೆ ಉದ್ದಕ್ಕೆ ಸೀಳಿದಳು. ಚೂಪು ಗುಂಡು. ಮೂರಲ್ಲ, ಒಂದೇ. ಕಲ್ಲು ಕೊಯ್ಯುವ ಗರಗಸ ಯಾವ ದಿಕ್ಕಿನಲ್ಲಿ ಹೋಯಿತೋ ಆ ಆಕಾರ. ಚಾಕು ಅಲ್ಲೇ ಬಿಟ್ಟಳು, ಒಲೆ ಆರಿಸಿದಳು, ಬಾಗಿಲು ಎಳೆದುಕೊಂಡಳೋ ಇಲ್ಲವೋ ನೆನಪಿಲ್ಲ. ಲೈಬ್ರರಿಯ ಮೆಟ್ಟಿಲು ಹತ್ತುವಾಗ ಏದುಸಿರು ಬಂತು. ಆಗ ಗೊತ್ತಾಯಿತು, ತಾನು ಓಡಿಕೊಂಡು ಬಂದಿದ್ದೇನೆ ಎಂದು. ದಪ್ಪ ಪುಸ್ತಕದಲ್ಲಿ ಆ ಮಾತು ಇತ್ತು, ಎರಡೇ ಸಾಲು, ಹಿಂದೆ ಓದಿ ಅರ್ಥವಾಗದೆ ಬಿಟ್ಟಿದ್ದ ಪುಟದಲ್ಲೇ. ಲೈಬ್ರರಿಯವಳಿಗೆ ತೋರಿಸಿದಳು. ಅವಳು ಓದಿ, ಕನ್ನಡಕ ತೆಗೆದು, "ಇದನ್ನ ನೀವೇ ಕಂಡುಹಿಡಿದ್ರಲ್ಲ" ಅಂದಳು. ಪಾಲಿಶಕ್ಕ ಹೂಂ ಅಂದಳು. ಎದೆಯ ಹತ್ತಿರ ಏನೋ ಒಂದು ಸಣ್ಣದಾಗಿ ಬಿಚ್ಚಿಕೊಂಡ ಹಾಗಾಯಿತು. ಅದೇನೆಂದು ಅವಳಿಗೆ ಆಗ ಹೆಸರಿಡಲು ಬರಲಿಲ್ಲ. ಬಹಳ ದಿನ ಮುಚ್ಚಿದ ಕೋಣೆಯಲ್ಲಿ ಹೆಜ್ಜೆಯ ಸದ್ದು ಕೇಳಿದರೆ ಯಾರೆಂದು ತಟ್ಟನೆ ತಿಳಿಯುವುದಿಲ್ಲವಲ್ಲ.

ಅಷ್ಟರಲ್ಲಿ ಮಗಳು ಬಂದು ನಿಂತಳು. ಮನೆಗೆ ಹೋದರೆ ಬಾಗಿಲು ತೆರೆದಿದೆ, ಅರ್ಧ ಹೆಚ್ಚಿದ ತರಕಾರಿ ಬಿದ್ದಿದೆ, ಅಮ್ಮ ಇಲ್ಲ. ಬೀದಿಯೆಲ್ಲ ಕೇಳಿಕೊಂಡು ಬಂದಿದ್ದಳು. ಮುಖ ಬಿಳಿಚಿಕೊಂಡಿತ್ತು.

"ನಿಂಗೇನೋ ಆಗಿದೆ ಅಂದ್ಕೊಂಡೆ. ನೀನಿಲ್ಲಿ ಪುಸ್ತಕ ನೋಡ್ತಿದೀಯ."

"ಇಲ್ಲಿ ನೋಡೇ, ಈ ಬೊಟ್ಟು ಇದೆಯಲ್ಲ..."

"ಅಪ್ಪಂಗೆ ಒಂದು ಹನಿ ಕಣ್ಣೀರು ಬರಲಿಲ್ಲ ನಿಂಗೆ," ಮಗಳು ಮೆಲ್ಲಗೇ ಹೇಳಿದಳು. ಲೈಬ್ರರಿಯಾದ್ದರಿಂದ ದನಿ ಎತ್ತುವ ಹಾಗಿರಲಿಲ್ಲ. "ಯಾವತ್ತೋ ಸತ್ತ ಹುಳಕ್ಕೆ ಒಲೆ ಬಿಟ್ಟು ಓಡಿ ಬರ್ತೀಯ."

ಪಾಲಿಶಕ್ಕ ಪುಸ್ತಕ ಮುಚ್ಚಿದಳು. ಮಗಳು ಹೇಳಿದ್ದು ನಿಜ. ಮಗಳು ಹೊರಟುಹೋದಳು. ಎಷ್ಟೋ ವಾರ ಆ ಕಡೆಯಿಂದ ಮಾತಿಲ್ಲ. ಊಟದ ಡಬ್ಬಿ ಮಾತ್ರ ಪಕ್ಕದ ಮನೆಯವರ ಕೈಯಲ್ಲಿ ಬರುತ್ತಿತ್ತು.

ಆ ವಾರಗಳಲ್ಲೇ ಇನ್ನೊಂದು ಸಂಗತಿ ನಡೆಯಿತು. ಆಪರೇಷನ್ ಕೋಣೆಯ ಮುಂದೆ ಒಬ್ಬ ಬಡಗಿ ಕಾಯುತ್ತಿದ್ದ. ಒಳಗೆ ಅವನ ಹೆಂಡತಿ. ಅವನು ಕೂರುತ್ತಿರಲಿಲ್ಲ, ನಿಲ್ಲುತ್ತಿರಲಿಲ್ಲ, ಆ ಗೋಡೆಗೂ ಈ ಗೋಡೆಗೂ ನಡೆಯುತ್ತಿದ್ದ. ಮಿಷನ್ ಅವನ ಹತ್ತಿರ ಬಂತು.

"ಸ್ವಲ್ಪ ಕಾಲು ತೆಗೀರಿ ಅಣ್ಣ." ಅವನು ಕಾಲು ತೆಗೆದ. ಯಾಕೆಂದು ಗೊತ್ತಿಲ್ಲ, ಅವಳ ಬಾಯಿಂದ ಇನ್ನೊಂದು ಮಾತು ಹೊರಬಿತ್ತು. "ನೀವು ನಿಂತಿದ್ದಿದ್ದು ಒಂದು ಪ್ರಾಣಿ ಮೇಲೆ."

ಅವನು ಹಾವು ತುಳಿದವನ ಹಾಗೆ ಹಿಂದಕ್ಕೆ ಜಿಗಿದ. ಅವಳು ಮಿಷನ್ ನಿಲ್ಲಿಸಿ, ಕೂತು, ಬೆರಳಿನಿಂದ ಸುರುಳಿ ತೋರಿಸಿದಳು. ಅವನೂ ಪಕ್ಕದಲ್ಲಿ ಕೂತ. ಅವಳು ಹೇಳಿದಳು: ಇದು ಸುಮ್ಮನೆ ಶಂಖವಲ್ಲ, ಆಕ್ಟೋಪಸ್ಸಿನ ದೂರದ ನೆಂಟ. ಬೆಳೆದ ಹಾಗೆ ಮೈ ಹಿಡಿಸದೆ ಚಿಪ್ಪಿಗೆ ಮುಂದೆ ಒಂದು ಹೊಸ ಕೋಣೆ ಕಟ್ಟಿಕೊಳ್ಳುತ್ತಿತ್ತು, ಹಿಂದಿನದಕ್ಕೆ ಗೋಡೆ ಹಾಕುತ್ತಿತ್ತು. ಈ ಗೆರೆಗಳೇ ಆ ಗೋಡೆಗಳು.

ಬಡಗಿ ಗೆರೆಗಳನ್ನು ಮುಟ್ಟಿ ನೋಡಿದ. ಕೆಲಸಗಾರನ ಕಣ್ಣು. "ಅಳತೆ ನೋಡಿ, ಒಂದಕ್ಕಿಂತ ಒಂದು ಇಷ್ಟಿಷ್ಟೇ ದೊಡ್ಡದು. ಹಿಂದಿನ ಕೋಣೆಗೆ ವಾಪಸ್ ಹೋಗ್ತಿರ್ಲಿಲ್ವಾ?"

"ಇಲ್ಲ. ಅದರಲ್ಲಿ ಗಾಳಿ ತುಂಬಿರ್ತಿತ್ತು. ತೇಲೋಕೆ ಬೇಕಾಗ್ತಿತ್ತು."

ಇನ್ನೆರಡು ಕಲ್ಲು ತೋರಿಸುವಷ್ಟರಲ್ಲಿ ಒಳಗಿನಿಂದ ನರ್ಸ್ ಬಂದು, ಎಲ್ಲ ಸರಿಯಾಗಿದೆ ಅಂದಳು. ಬಡಗಿ ಎದ್ದು ಹೋಗುವ ಮೊದಲು ಬೆಂಚಿನ ಮೇಲಿದ್ದ ಇನ್ನೊಬ್ಬರಿಗೆ, "ಕಾಲ್ ಕೆಳಗೆ ನೋಡ್ಕೊಳಿ ಯಜಮಾನ್ರೆ, ಅಕ್ಕನ್ನ ಕೇಳಿ, ಹೇಳ್ತಾರೆ" ಎಂದು ಹೇಳಿಹೋದ.

ಅಲ್ಲಿಂದ ಶುರುವಾಯಿತು. ಕಾಯುವವರಿಗೆ ಹೊತ್ತು ಹೋಗುವುದಿಲ್ಲ. ಗೋಡೆಯ ಗಡಿಯಾರ ಬಿಟ್ಟರೆ ನೋಡಲು ಏನಿರುತ್ತದೆ? ಪಾಲಿಶಕ್ಕನ ಹಿಂದೆ ನಾಲ್ಕೈದು ಜನ ಬಗ್ಗಿಕೊಂಡು ನಡೆಯುವುದು ದಿನದ ನೋಟವಾಯಿತು. ಬಾಗಿಲ ಕಾವಲಿನವನು ದೂರದಿಂದಲೇ, "ಅಕ್ಕ, ಅದು ಕಚ್ಚಲ್ವಾ?" ಎಂದು ಕೇಳಿದರೆ, "ನಿನ್ ಡ್ಯೂಟಿ ಟೈಮಲ್ಲಿ ಕಚ್ಚಲ್ಲ" ಅನ್ನುತ್ತಿದ್ದಳು. ನಗುತ್ತಿರಲಿಲ್ಲ. ಕೇಳಿದವರು ನಗುತ್ತಿದ್ದರು.

ಒಮ್ಮೆ ಹೀಗೇ ಹೇಳುತ್ತಿದ್ದಾಗ ಹಿಂದೆ ನಿಂತಿದ್ದ ಒಬ್ಬಾತ ಕೊನೆಯವರೆಗೂ ಸುಮ್ಮನೆ ಕೇಳಿದ. ಎಲ್ಲರೂ ಹೋದ ಮೇಲೆ ಹತ್ತಿರ ಬಂದ. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಮೇಷ್ಟ್ರು. ಮಾವನ ಸೊಂಟ ಮುರಿದಿದೆ ಎಂದು ಬಂದಿದ್ದರು.

"ತುಂಬ ಚೆನ್ನಾಗಿ ಹೇಳಿದ್ರಿ. ಒಂದೇ ಒಂದು ವಿಷಯ, ಬೇಜಾರಾಗ್ಬಾರ್ದು. ಅಲ್ಲಿ ಹೂವು ಅಂದ್ರಲ್ಲ, ಅದು ಹೂವಲ್ಲ. ಸ್ಪಂಜು. ಕಡಲಲ್ಲಿ ಬೆಳೆಯೋ ಪ್ರಾಣಿ."

ಅವಳ ಮುಖ ಕೆಂಪಗಾಯಿತು. ಬೇಜಾರಲ್ಲ. ಎಷ್ಟೋ ಜನರಿಗೆ ಹೂವು ಎಂದು ಹೇಳಿ ಕಳಿಸಿದ್ದೇನಲ್ಲ ಎಂದು. "ಹೇಗೆ ಗೊತ್ತಾಗುತ್ತೆ ಸರ್?" ಎಂದಳು. ಮೇಷ್ಟ್ರು ಪ್ಯಾಂಟಿನ ಮಂಡಿ ನೋಡದೆ ನೆಲಕ್ಕೆ ಕೂತು, ಜೇಬಿನ ಕೀ ಗೊಂಚಲಿನಿಂದ ಸಣ್ಣ ಭೂತಗನ್ನಡಿ ಬಿಚ್ಚಿ, ಕಲ್ಲೊಳಗಿನ ಜಾಲರಿಯಂಥ ನೇಯ್ಗೆ ತೋರಿಸಿದರು.

ಮರುದಿನದಿಂದ ಅವಳು ತಪ್ಪು ತಿದ್ದಲು ಹೊರಟಳು. ಕಾವಲಿನವನು, ಕ್ಯಾಂಟೀನಿನವನು, ಔಷಧಿ ಕೊಡುವ ಹುಡುಗಿ, ರಕ್ತ ತೆಗೆಯುವಾಕೆ, ಒಬ್ಬೊಬ್ಬರ ಹತ್ತಿರವೂ ಹೋಗಿ, "ನಾನು ಅವತ್ತು ಹೂವು ಅಂದಿದ್ದೆ. ತಪ್ಪು. ಅದು ಸ್ಪಂಜು" ಎಂದು ಹೇಳಿದಳು. ಕ್ಯಾಂಟೀನಿನವನಿಗೆ ಹೂವಿನ ಮಾತೇ ನೆನಪಿರಲಿಲ್ಲ. ಅವನಿಗೆ ಮೊದಲು ಹೂವು ಎಂದದ್ದನ್ನು ನೆನಪಿಸಿ, ಆಮೇಲೆ ಅದು ತಪ್ಪು ಎಂದು ತಿಳಿಸಿದಳು.

ಮೇಷ್ಟ್ರು ಆಸ್ಪತ್ರೆಯ ಅನುಮತಿ ಪಡೆದು ಒಂದು ಭಾನುವಾರ ಹದಿನಾಲ್ಕು ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದರು. ಓಣಿಯ ನೆಲದ ಮೇಲೆ ಎಲ್ಲರೂ ಕೂತರು. ಪಾಲಿಶಕ್ಕ ಚೀಲದಿಂದ ಮೂರು ಕ್ಯಾರೆಟ್, ಚಾಕು ತೆಗೆದಳು. ಒಂದು ಗಂಟೆ ಮಾತಾಡಿದಳು. ಮೇಷ್ಟ್ರೂ ಬರೆದುಕೊಂಡರು. "ಇಪ್ಪತ್ತು ವರ್ಷದಿಂದ ಪಾಠ ಮಾಡ್ತಿದ್ದೀನಿ, ಈ ಕ್ಯಾರೆಟ್ ನನಗೆ ಹೊಳೆದಿರಲಿಲ್ಲ" ಅಂದರು. ವಿದ್ಯಾರ್ಥಿಗಳು ಕ್ಯಾರೆಟ್ಟನ್ನು ನೋಡಿ ಮುಗಿಸಿದ ಮೇಲೆ ತಿಂದರು.

ಮಾತು ಮುಗಿಸಿ ತಲೆ ಎತ್ತಿದಾಗ ಕಂಬದ ಪಕ್ಕದಲ್ಲಿ ಮಗಳು ನಿಂತಿದ್ದಳು. ಕೈಯಲ್ಲಿ ಊಟದ ಡಬ್ಬಿ. ಎಷ್ಟು ಹೊತ್ತಿನಿಂದ ಇದ್ದಳೋ. ಎಲ್ಲರೂ ಹೋದ ಮೇಲೆ ಇಬ್ಬರೂ ಬೆಂಚಿನ ಮೇಲೆ ಕೂತು ಉಂಡರು.

"ಅಪ್ಪನ ವಿಷಯ ಯಾಕಮ್ಮ ಹೀಗೆ ಮಾತಾಡಲ್ಲ ನೀನು?"

ಪಾಲಿಶಕ್ಕ ತುತ್ತು ನುಂಗಿದಳು. "ಅವರ ವಿಷಯ ನಂಗೆ ಗೊತ್ತಿರೋದೇ ಕಮ್ಮಿ ಕಣೇ. ಮೂವತ್ತು ವರ್ಷ ಜೊತೆಗಿದ್ದೆ. ಊಟ ಆಯ್ತಾ ಅಂತ ಕೇಳಿದ್ದೆ. ಇನ್ನೇನೂ ಕೇಳಿರ್ಲಿಲ್ಲ."

ಮಗಳು ಅಮ್ಮನಿಗೆ ಇನ್ನಷ್ಟು ಅನ್ನ ಬಡಿಸಿ ಹೇಳತೊಡಗಿದಳು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಡಿಪೋಗೆ ಹೋಗುತ್ತಿದ್ದಳಂತೆ. ಅಪ್ಪ ಕಣ್ಣು ಮುಚ್ಚಿಕೊಂಡು ಇಂಜಿನ್ನಿನ ಸದ್ದು ಕೇಳಿ, ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದನಂತೆ.

"ಯಾವ ಸದ್ದಿಗೆ ಏನು ಕೆಟ್ಟಿರುತ್ತೆ?" ಪಾಲಿಶಕ್ಕ ಕೇಳಿದಳು.

"ಕಿರ್ ಅಂದ್ರೆ ಬೆಲ್ಟು. ಟಕ ಟಕ ಅಂದ್ರೆ... ನಂಗೂ ಮರೆತುಹೋಗಿದೆ."

ಮುಂದಿನ ವಾರ ಪಾಲಿಶಕ್ಕ ನೋಟ್ ಪುಸ್ತಕ ಹಿಡಿದು ಡಿಪೋಗೆ ಹೋದಳು. ಗಂಡನ ಜೊತೆಗಿದ್ದ ಹಿರಿಯ ಮೆಕ್ಯಾನಿಕ್ ಅವಳನ್ನು ಕಂಡು ಗಾಬರಿಯಾಗಿ ಸ್ಟೂಲು ಹಾಕಿದ. ಅವಳು ಬಂದ ಕಾರಣ ಹೇಳಿದಳು. ಅವನು ಒಂದೊಂದೇ ಬಸ್ಸು ಚಾಲೂ ಮಾಡಿ, ಬಾನೆಟ್ ಎತ್ತಿ, ಕೇಳಿಸಿದ. "ಈ ಟಕ ಟಕ ಇದೆಯಲ್ಲ ಅತ್ತಿಗೆ, ಇದು ವಾಲ್ವು. ನಮಗೆ ಬಿಚ್ಚಿದ ಮೇಲೆ ಗೊತ್ತಾಗೋದು. ಅಣ್ಣನಿಗೆ ಗೇಟಲ್ಲಿ ನಿಂತಾಗ್ಲೇ ಗೊತ್ತಾಗ್ತಿತ್ತು." ಹನ್ನೊಂದು ಸದ್ದು ಬರೆದುಕೊಂಡಳು. ಅಲ್ಲೂ ಕಣ್ಣೀರು ಬರಲಿಲ್ಲ. ಆದರೆ ಮನೆಗೆ ನಡೆದು ಬರುವಾಗ ರಸ್ತೆಯಲ್ಲಿ ಹೋಗುವ ಬಸ್ಸುಗಳನ್ನು ಕೇಳಿಸಿಕೊಂಡು ಬಂದಳು. ಒಂದು ಬಸ್ಸಿನ ಬೆಲ್ಟು ಸಡಿಲವಾಗಿತ್ತು.

ಆ ವರ್ಷದ ಕೊನೆಗೆ ಆಸ್ಪತ್ರೆಯ ಗೋಡೆಗೆ ಒಂದು ಸೂಚನೆ ಅಂಟಿಸಿದರು. ಓಣಿಯ ಕಲ್ಲು ನೆಲದ ಮೇಲೆ ರಬ್ಬರಿನಂಥ ಹೊಸ ಹಾಸು ಬರುತ್ತದೆ. ಸೋಂಕು ತಡೆಯುವ ವಿಭಾಗದ ದೊಡ್ಡ ನರ್ಸನ್ನು ಪಾಲಿಶಕ್ಕ ಯಾಕೆಂದು ಕೇಳಿದಳು. ಜಗಳಕ್ಕಲ್ಲ, ತಿಳಿದುಕೊಳ್ಳಲು. ನರ್ಸ್ ಅವಳನ್ನು ಪ್ರಯೋಗಾಲಯಕ್ಕೆ ಕರೆದೊಯ್ದು, ಕಲ್ಲಿನ ಸಂದುಗಳಿಂದ ತೆಗೆದ ಕೊಳೆಯಲ್ಲಿ ಬೆಳೆದದ್ದನ್ನು ಗಾಜಿನ ತಟ್ಟೆಯಲ್ಲಿ ತೋರಿಸಿದಳು. ಬಿಳಿ, ಹಸಿರು ಚುಕ್ಕೆಗಳು. ಪಾಲಿಶಕ್ಕ ಬಹಳ ಹೊತ್ತು ನೋಡಿದಳು.

ಮೇಷ್ಟ್ರು ಮನವಿ ಬರೆಯೋಣ ಅಂದರು. "ಬೇಡ ಸರ್. ಅವರು ಹೇಳೋದು ನಿಜ. ಸಂದಿನ ಕೊಳೆ ನಂಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದಳು. ಕಾಲೇಜಿನವರು ಬಂದು ಎಲ್ಲ ಕಲ್ಲುಗಳ ಫೋಟೋ ತೆಗೆದುಕೊಂಡರು. ಅವಳ ನೋಟ್ ಪುಸ್ತಕದ ಪ್ರತಿ ಒಂದು ಕಾಲೇಜಿಗೆ, ಒಂದು ಲೈಬ್ರರಿಗೆ ಹೋಯಿತು. ಹಾಸು ಹಾಕಲು ಎರಡು ದಿನ ಸಾಕಾಯಿತು. ಮಿಷನ್ ಉಗ್ರಾಣ ಸೇರಿತು, ಅವಳಿಗೆ ಉದ್ದ ಕೋಲಿನ ಒರೆಸುವ ಬಟ್ಟೆ ಕೊಟ್ಟರು. ಹೆಸರು ಮಾತ್ರ ಬದಲಾಗಲಿಲ್ಲ.

ಈಗ ಶನಿವಾರ ಮಧ್ಯಾಹ್ನ ಲೈಬ್ರರಿಯವಳು ಕಿಟಕಿ ಪಕ್ಕದ ಮೇಜನ್ನು ಅವಳಿಗೆ ಬಿಟ್ಟುಕೊಡುತ್ತಾಳೆ. ಜನ ಕಲ್ಲು ತರುತ್ತಾರೆ. ಹತ್ತರಲ್ಲಿ ಎಂಟು ಇಟ್ಟಿಗೆ ಚೂರು ಇಲ್ಲವೇ ಸಿಮೆಂಟು ಉಂಡೆ. ಅದನ್ನೂ ಅವಳು ಬೆಳಕಿಗೆ ಹಿಡಿದು, ತಿರುಗಿಸಿ, ಒದ್ದೆ ಮಾಡಿ ನೋಡಿಯೇ ಹೇಳುತ್ತಾಳೆ. ಮಗಳು ಕೆಲವು ಸಲ ಬಂದು ಕೂತು ಗುಂಡಿ ಹೊಲಿಯುತ್ತ ಕೇಳಿಸಿಕೊಳ್ಳುತ್ತಾಳೆ. ಈಗ ಖುಷಿಯಾಗಿದೀಯಾ ಎಂದು ಒಮ್ಮೆ ಮಗಳು ಕೇಳಿದ್ದಕ್ಕೆ, "ಗೊತ್ತಿಲ್ಲ ಕಣೇ. ಶನಿವಾರ ಯಾವಾಗ ಬರುತ್ತೆ ಅಂತ ನೋಡ್ತಿರ್ತೀನಿ" ಎಂದಿದ್ದಳು.

ಹೋದ ಶನಿವಾರ ಅಂಚೆಯವನೊಬ್ಬ ನದಿ ದಡದಲ್ಲಿ ಸಿಕ್ಕ ಹಸಿರು ಹರಳು ತಂದಿದ್ದ. ಬೆಲೆಬಾಳುವ ರತ್ನವೇನೋ ಎಂದು ಅವನ ಆಸೆ. ಅವಳು ಭೂತಗನ್ನಡಿಯಲ್ಲಿ ನೋಡಿ, "ಬಾಟ್ಲಿ ಗಾಜು ಕಣಪ್ಪ. ನೀರಲ್ಲಿ ಉರುಳಿ ಉರುಳಿ ಹೀಗಾಗಿದೆ" ಅಂದಳು. ಅವನ ಮುಖ ಸಪ್ಪಗಾಯಿತು. ಅವಳು ಹರಳನ್ನು ವಾಪಸ್ ಕೊಡಲಿಲ್ಲ. ಹೆಬ್ಬೆರಳಿನಿಂದ ಅದರ ಅಂಚು ಸವರುತ್ತ, "ಗಾಜು ಇಷ್ಟು ನುಣ್ಣಗಾಗೋಕೆ ಎಷ್ಟು ವರ್ಷ ಬೇಕಾಗ್ಬಹುದು?" ಎಂದು ಕೇಳಿದಳು. ಅಂಚೆಯವನಿಗೆ ಗೊತ್ತಿರಲಿಲ್ಲ. ಲೈಬ್ರರಿಯವಳಿಗೂ ಗೊತ್ತಿರಲಿಲ್ಲ. ಮೂವರೂ ಎದ್ದು ಕಪಾಟಿನ ಕಡೆ ಹೋದರು.